ಒಂದೇ ರೆಕಾರ್ಡನ್ನು ಮೂರು ಸಲ ಮಾಡಿದವನು

1959ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಟಕೋಮಾ ಪಾರ್ಕ್ ಎಂಬ ಊರಿನಲ್ಲಿ ಇಪ್ಪತ್ತರ ಹುಡುಗನೊಬ್ಬ ಗ್ರಾಮಫೋನ್ ಕಂಪನಿಯೊಂದನ್ನು ತೆರೆದ. ಕಚೇರಿ ಇಲ್ಲ, ಗುಮಾಸ್ತ ಇಲ್ಲ, ಬಂಡವಾಳವಂತೂ ಇಲ್ಲವೇ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ದುಡಿದು ಕೂಡಿಟ್ಟ ಹಣಕ್ಕೆ ಪಾದ್ರಿಯೊಬ್ಬರು ಕೊಟ್ಟ ದುಡ್ಡನ್ನು ಸೇರಿಸಿ 100 ಎಲ್‌ಪಿಗಳನ್ನು ಒತ್ತಿಸಿದ. ಕಂಪನಿಗೆ ಊರಿನ ಹೆಸರನ್ನೇ ಇಟ್ಟ. ಚಿತ್ರವಿಲ್ಲದ ಬಿಳಿಯ ಹೊದಿಕೆ. ಅದರ ಒಂದು ಬದಿಗೆ ಜಾನ್ ಫೇಹಿ ಎಂದು ದಪ್ಪ ಕಪ್ಪಕ್ಷರ, ಇನ್ನೊಂದು ಬದಿಗೆ ಬ್ಲೈಂಡ್ ಜೋ ಡೆತ್. ಮೊದಲನೆಯದು ಆ ಹುಡುಗನ ಹೆಸರು. ಎರಡನೆಯವನು ಹುಟ್ಟಿಯೇ ಇರಲಿಲ್ಲ. ಅಮೆರಿಕದ ದಕ್ಷಿಣದ ಕುರುಡ ಬ್ಲೂಸ್ ಗಾಯಕರ ಹೆಸರುಗಳನ್ನು ಅಣಕಿಸಲು ಫೇಹಿ ಕಟ್ಟಿದ ಕಾಲ್ಪನಿಕ ಮುದುಕ ಅವನು.

ಆ ನೂರರಲ್ಲಿ ಕೆಲವು ಸಾಗಣೆಯಲ್ಲೇ ಒಡೆದುಹೋದವಂತೆ. ಉಳಿದವುಗಳಲ್ಲಿ ಕೆಲವನ್ನು ಫೇಹಿ ಗೆಳೆಯರಿಗೆ ಹಂಚಿದ, ಕೆಲವನ್ನು ಜಾನಪದ ವಿದ್ವಾಂಸರಿಗೆ ಅಂಚೆಯಲ್ಲಿ ಕಳಿಸಿದ. ಇನ್ನು ಕೆಲವನ್ನು ಹಳೆ ಸಾಮಾನಿನ ಅಂಗಡಿಗಳ ಕಪಾಟಿನಲ್ಲಿ ಯಾರಿಗೂ ಕಾಣದಂತೆ ಸಿಕ್ಕಿಸಿ ಬಂದ. ಯಾವನೋ ಮುದಿ ಕರಿಯ ಗಾಯಕ ಇನ್ನೂ ಬದುಕಿದ್ದಾನೆಂದು ಒಬ್ಬಿಬ್ಬರು ನಂಬಿಯೂ ಬಿಟ್ಟರೆಂಬ ಕಥೆ ಇದೆ. ಉಳಿದ ತಟ್ಟೆಗಳು ಖರ್ಚಾಗಲು ವರ್ಷಗಳೇ ಹಿಡಿದವು.

ಸ್ವಂತ ಕಂಪನಿ ತೆರೆದದ್ದರಲ್ಲಿ ದೊಡ್ಡ ಆದರ್ಶವೇನೂ ಇರಲಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೇ. ಹಿಂದಿನ ವರ್ಷವಷ್ಟೇ ಕಿಂಗ್‌ಸ್ಟನ್ ಟ್ರಿಯೋ ತಂಡದ ಟಾಮ್ ಡೂಲಿ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಜಾನಪದವೆಂದರೆ ಒಟ್ಟಾಗಿ ನಿಂತು ನಗುನಗುತ್ತ ಹಾಡುವುದು ಎಂದು ಕಂಪನಿಗಳು ತಿಳಿದಿದ್ದ ಕಾಲ. ಗಿಟಾರನ್ನು ಒಂಟಿಯಾಗಿ ವೇದಿಕೆಗೆ ತರುವ ಗೌರವವೇನಿದ್ದರೂ ಸ್ಪೇನಿನ ಸೆಗೋವಿಯಾನಿಗೆ, ಅದೂ ನೈಲಾನ್ ತಂತಿಗೆ. ಉಕ್ಕಿನ ತಂತಿಯ ಗಿಟಾರ್ ಹಾಡಿನ ಹಿಂದೆ ನಿಲ್ಲುವ ಆಳು. ಹಾಡೇ ಇಲ್ಲದೆ, ಬರೀ ಅದನ್ನೊಂದೇ ನಲವತ್ತು ನಿಮಿಷ ಕೇಳಿ ಎಂದರೆ ಯಾವ ಕಂಪನಿ ದುಡ್ಡು ಹಾಕೀತು?

ಫೇಹಿ ಹುಟ್ಟಿದ್ದು 1939ರ ಫೆಬ್ರುವರಿ 28ರಂದು, ವಾಷಿಂಗ್ಟನ್ ನಗರದಲ್ಲಿ. ಬೆಳೆದದ್ದು ಅದರ ಮಗ್ಗುಲಿನ ಟಕೋಮಾ ಪಾರ್ಕಿನಲ್ಲಿ. ತಂದೆ ತಾಯಿ ಇಬ್ಬರೂ ಪಿಯಾನೋ ನುಡಿಸುತ್ತಿದ್ದರು. ಹುಡುಗ ಸಿಯರ್ಸ್ ಕಂಪನಿಯ 17 ಡಾಲರಿನ ಗಿಟಾರ್ ಕೊಂಡ; ರೇಡಿಯೋದಲ್ಲಿ ಬಿಲ್ ಮನ್ರೋನ ಬ್ಲೂಗ್ರಾಸ್ ಎಂಬ ಹಳ್ಳಿ ಸಂಗೀತ ಕೇಳಿ ತಲೆ ತಿರುಗಿಸಿಕೊಂಡ. ಮನ್ರೋನ ಹಳೆಯ ತಟ್ಟೆ ಹುಡುಕಲು ಹೊರಟವನಿಗೆ ಡಿಕ್ ಸ್ಪಾಟ್ಸ್‌ವುಡ್ ಎಂಬ ಸಂಗ್ರಾಹಕನ ಗೆಳೆತನವಾಯಿತು. ಇಬ್ಬರೂ ಕರಿಯರ ಕೇರಿಗಳಲ್ಲಿ ಮನೆಮನೆಯ ಬಾಗಿಲು ತಟ್ಟಿ, ಹಳೆಯ 78 ಆರ್‌ಪಿಎಂ ತಟ್ಟೆಗಳಿದ್ದರೆ ಕೊಡಿ ಎಂದು ಕೇಳುತ್ತ ಅಲೆದರು. ಆದರೂ ಫೇಹಿಗೆ ಆಗ ಬೇಕಿದ್ದದ್ದು ಬಿಳಿಯರ ಹಳ್ಳಿ ಸಂಗೀತ ಮಾತ್ರ. ಕರಿಯರ ಹಾಡುಗಳೆಂದರೆ ಮೂಗು ಮುರಿಯುತ್ತಿದ್ದ.

ತಿರುವು ಬಂದದ್ದು ಬ್ಲೈಂಡ್ ವಿಲ್ಲಿ ಜಾನ್ಸನ್‌ನ ಒಂದು ತಟ್ಟೆಯಿಂದ. ಟೆಕ್ಸಸ್‌ನ ಬೀದಿಗಳಲ್ಲಿ ಗಂಟಲು ಹರಿಯುವಂತೆ ದೇವರ ಹಾಡು ಹಾಡುತ್ತಿದ್ದ ಕುರುಡ ಬೋಧಕ ಈ ಜಾನ್ಸನ್. ಸ್ಪಾಟ್ಸ್‌ವುಡ್ ಅದನ್ನು ಹಾಕಿದಾಗ ಫೇಹಿಗೆ ಅಸಹ್ಯವಾಯಿತು. ಮನೆಗೆ ಹೋದ ಮೇಲೂ ಆ ಸ್ವರ ತಲೆಯಿಂದ ಇಳಿಯಲಿಲ್ಲ. ಮತ್ತೆ ಹಾಕು ಎಂದು ಗೆಳೆಯನನ್ನು ಕೇಳಿಕೊಂಡ. ಈ ಸಲ ಕೇಳುತ್ತ ಕೇಳುತ್ತ ಅತ್ತುಬಿಟ್ಟ. ಮುಂದೆ ಜೀವನವಿಡೀ ಈ ಘಟನೆಯನ್ನು ಮತಾಂತರವೆಂಬಂತೆ ಹೇಳಿಕೊಳ್ಳುತ್ತಿದ್ದ. ಫೇಹಿ ಹೇಳಿಕೊಂಡ ಕಥೆಗಳಿಗೆಲ್ಲ ಸ್ವಲ್ಪ ಉಪ್ಪುಖಾರ ಹೆಚ್ಚು, ಆದರೆ ಇದನ್ನು ಅನುಮಾನಿಸಬೇಕಿಲ್ಲ: ಆಮೇಲಿನ ಅವನ ಬೆರಳುಗಳೇ ಸಾಕ್ಷಿ.

1958ರ ಹೊತ್ತಿಗೆ ಆತ ಮೇರಿಲ್ಯಾಂಡಿನದೇ ಫ್ರೆಡ್ರಿಕ್ ಊರಿನ ಜೋ ಬಸಾರ್ಡ್ ಎಂಬ ಸಂಗ್ರಾಹಕನ ಮನೆಯಲ್ಲಿ ನುಡಿಸತೊಡಗಿದ್ದ. ಕಾಲ 78 ಆರ್‌ಪಿಎಂ ಅನ್ನು ಬಿಟ್ಟು ಮುಂದೆ ಹೋಗಿದ್ದರೂ ಬಸಾರ್ಡ್ ಬಿಡಲಿಲ್ಲ. ಫೋನೋಟೋನ್ ಎಂಬ ಹೆಸರಿನಲ್ಲಿ, ಕೇಳಿದವರಿಗೆ ಒಂದೊಂದಾಗಿ ತಟ್ಟೆ ಕೊರೆದು ಕೊಡುತ್ತಿದ್ದ. ಅಲ್ಲಿ ಫೇಹಿಯ ಹೆಸರು ಬ್ಲೈಂಡ್ ಥಾಮಸ್. ಮುದುಕನ ಹಾಗೆ ಗಂಟಲು ಗೊರಗೊರ ಮಾಡಿ ಹಾಡಿಯೂ ಇದ್ದಾನೆ. ಇಂದು ಕೇಳಿದರೆ ಮುಜುಗರವೂ ಆಗುತ್ತದೆ, ನಗುವೂ ಬರುತ್ತದೆ. ಟಕೋಮಾ ಕಂಪನಿಯ ಮೊದಲ ಎಲ್‌ಪಿಯಲ್ಲಿ ಆತ ಮಾಡಿದ ಜಾಣ ಕೆಲಸವೆಂದರೆ ಹಾಡುವುದನ್ನು ಕೈಬಿಟ್ಟದ್ದು.

ಆ ಎಲ್‌ಪಿಯಲ್ಲಿ ಇರುವುದೇನು? ಹೆಬ್ಬೆರಳು ಮಂದ್ರದ ತಂತಿಗಳ ಮೇಲೆ ಅತ್ತಿಂದಿತ್ತ ಒಂದೇ ನಡೆಯಲ್ಲಿ ಬಡಿಯುತ್ತಿರುತ್ತದೆ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಆ ನಡೆಗೆ ಅಡ್ಡಡ್ಡವಾಗಿ ರಾಗ ಬಿಡಿಸುತ್ತವೆ. ಇದು ಮಿಸಿಸಿಪಿಯ ಬ್ಲೂಸ್ ಗಾಯಕರ ಕೈಚಳಕ. ತಂತಿಗಳನ್ನು ಮಾಮೂಲಿ ಶ್ರುತಿಗೆ ಕಟ್ಟದೆ, ಎಡಗೈ ಬೆರಳು ಒತ್ತದೆ ಮೀಟಿದರೂ ಒಂದೇ ಸ್ವರಗುಚ್ಛ ಹೊಮ್ಮುವಂತೆ ಸಡಿಲಿಸುವುದೂ ಅವರದೇ ಪದ್ಧತಿ. ಹಾಗೆ ಕಟ್ಟಿದ ಗಿಟಾರಿನ ಕೆಳಗಿನ ತಂತಿ ತಂಬೂರಿಯ ಹಾಗೆ ಕೊನೆಯವರೆಗೂ ಗುನುಗುತ್ತಿರುತ್ತದೆ. ಈ ನೆಲದ ಮೇಲೆ ಫೇಹಿ ಚರ್ಚಿನ ಸ್ತೋತ್ರ ನುಡಿಸಿದ, ಡಬ್ಲ್ಯೂ. ಸಿ. ಹ್ಯಾಂಡಿಯ ಸೇಂಟ್ ಲೂಯಿಸ್ ಬ್ಲೂಸ್ ನುಡಿಸಿದ, ತನ್ನೂರಿನ ತೊರೆಯ ಹೆಸರಿಟ್ಟು ಸ್ಲೈಗೊ ರಿವರ್ ಬ್ಲೂಸ್ ಕಟ್ಟಿದ. ನಡುನಡುವೆ ಹಂಗೇರಿಯ ಸಂಯೋಜಕ ಬಾರ್ಟೋಕ್‌ನಿಂದ ಕಲಿತ ಕರ್ಕಶ ಸ್ವರಗಳನ್ನು ತುರುಕಿದ. ಚರ್ಚಿನ ಸ್ತೋತ್ರವೊಂದು ಬ್ಲೂಸ್‌ನ ನಡೆಯಲ್ಲಿ ಹೋಗುತ್ತ ಹೋಗುತ್ತ ಇದ್ದಕ್ಕಿದ್ದಂತೆ ಅಪಸ್ವರಕ್ಕೆ ಮುಗ್ಗರಿಸಿ, ಏನೂ ಆಗದವರಂತೆ ಎದ್ದು ಮುಂದೆ ನಡೆಯುತ್ತದೆ. ಅಂಥದ್ದನ್ನು ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ.

ಆದರೆ ಆ ಹುಡುಗನ ಕೈ ಇನ್ನೂ ಪಳಗಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. 1964ರಲ್ಲಿ ಅದೇ ಎಲ್‌ಪಿಯನ್ನು ಮತ್ತೆ ಒತ್ತಿಸುವಾಗ ಕೆಲವು ರಚನೆಗಳನ್ನು ತೆಗೆದು ಹೊಸದಾಗಿ ನುಡಿಸಿ ಸೇರಿಸಿದ. ಮನಸ್ಸಿಗೆ ಸಮಾಧಾನವಾಗಲಿಲ್ಲ. 1967ರಲ್ಲಿ ಇಡೀ ತಟ್ಟೆಯನ್ನು, ಈ ಸಲ ಸ್ಟೀರಿಯೋದಲ್ಲಿ, ಮೊದಲಿನಿಂದ ಕೊನೆಯವರೆಗೆ ಮತ್ತೆ ನುಡಿಸಿದ. ಹೆಸರು ಅದೇ, ಹೊದಿಕೆ ಹೆಚ್ಚುಕಡಿಮೆ ಅದೇ. ಎರಡನೆಯ ಎಲ್‌ಪಿ ಡೆತ್ ಚಾಂಟ್ಸ್‌ಗೂ ಅದೇ ವರ್ಷ ಇದೇ ಉಪಚಾರವಾಯಿತು. ಮೊದಲ ಎಲ್‌ಪಿಯ ಮೂರು ರೂಪಗಳನ್ನೂ ಒಂದರ ಹಿಂದೊಂದು ಕೇಳಿದರೆ ಒಬ್ಬ ಕಲಾವಿದನ ಎಂಟು ವರ್ಷಗಳು ಕಿವಿಗೆ ಸಿಗುತ್ತವೆ. 1959ರದ್ದರಲ್ಲಿ ಹೆಬ್ಬೆರಳು ಆಗಾಗ ತಡವರಿಸುತ್ತದೆ, ಟೇಪಿನ ಸುಯ್‌ಗುಟ್ಟುವಿಕೆಯೊಳಗಿಂದ ಸ್ವರಗಳು ಮೇಲೆದ್ದು ಬರಬೇಕು. 1967ರಲ್ಲಿ ನಡೆ ಗಟ್ಟಿಯಾಗಿದೆ. ಪ್ರತಿ ತಂತಿಯೂ ಬಿಡಿಬಿಡಿಯಾಗಿ ಹೊಳೆಯುತ್ತದೆ. ಕೌಶಲದ ಮಾತಾದರೆ ಮೂರನೆಯದೇ ಮೇಲು. ನನ್ನ ಕಿವಿ ಮಾತ್ರ ಮೊದಲನೆಯದರ ತಡವರಿಕೆಗೇ ಓಡುತ್ತದೆ. ಅಲ್ಲಿ ಹುಡುಗನಿಗೆ ಮುಂದೇನು ಬರುತ್ತದೋ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಯಾವುದು ನಿಜವಾದ ಬ್ಲೈಂಡ್ ಜೋ ಡೆತ್ ಎಂಬ ಜಗಳ ಕೇಳುಗರಲ್ಲಿ ಇನ್ನೂ ಮುಗಿದಿಲ್ಲ. ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2010ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಈ ಎಲ್‌ಪಿಯನ್ನು ಸೇರಿಸಿದಾಗ 1959, 1964, 1967 ಎಂದು ಮೂರೂ ಇಸವಿಗಳನ್ನು ನಮೂದಿಸಿ ತಂಟೆಯಿಂದ ಪಾರಾಯಿತು.

ದೊಡ್ಡ ಕಂಪನಿಯ ಒಪ್ಪಂದದಲ್ಲಿದ್ದ ಕಲಾವಿದ ಹೀಗೆ ಮಾಡಲು ಸಾಧ್ಯವೇ ಇರಲಿಲ್ಲ. ಕಂಪನಿಗೆ ಬೇಕಾದದ್ದು ಮುಂದಿನ ಎಲ್‌ಪಿ. ಹಿಂದಿನದನ್ನು ತಿದ್ದುತ್ತ ಕೂರುತ್ತೇನೆಂದರೆ ಬಾಗಿಲು ತೋರಿಸುತ್ತಿದ್ದರು. ಫೇಹಿ ತನ್ನ ಧಣಿ ತಾನೇ ಆಗಿದ್ದ. ಬೇಡ ಎನ್ನುವವರು ಯಾರೂ ಇರಲಿಲ್ಲ. ಅವನ ಸಂಗೀತ ಬೆಳೆದ ಬಗೆಗೆ ಈ ಒಡೆತನವೇ ಮುಖ್ಯ ಕಾರಣವೆಂದು ನನ್ನ ಲೆಕ್ಕ. ಬೇಡ ಎನ್ನುವವರು ಒಬ್ಬರಾದರೂ ಇರಬೇಕಿತ್ತು ಎನಿಸುವ ಎಲ್‌ಪಿಗಳೂ ಆ ಕಾರಣದಿಂದಲೇ ಬಂದವು.

1963ರ ಹೊತ್ತಿಗೆ ಆತ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬಂದಿದ್ದ, ಇ. ಡಿ. ಡೆನ್ಸನ್ ಎಂಬ ಗೆಳೆಯ ಕಂಪನಿಯಲ್ಲಿ ಜೊತೆಗಾರನಾಗಿದ್ದ. ಆಗ ನಡೆದದ್ದು ಬ್ಲೂಸ್ ಚರಿತ್ರೆಯಲ್ಲಿ ಮತ್ತೆ ಮತ್ತೆ ಹೇಳುವ ಪ್ರಸಂಗ. 1930ರಿಂದ 1940ರವರೆಗೆ ರೆಕಾರ್ಡ್ ಮಾಡಿ ಮರೆಯಾದ ಬುಕಾ ವೈಟ್ ತನ್ನ ಒಂದು ಹಾಡಿನಲ್ಲಿ ಮಿಸಿಸಿಪಿಯ ಅಬರ್ಡೀನ್ ಊರಿನ ಹೆಸರು ಹೇಳಿದ್ದ. ಅಷ್ಟನ್ನೇ ಹಿಡಿದು ಫೇಹಿ, ಮುದಿ ಬ್ಲೂಸ್ ಗಾಯಕ ಬುಕಾ ವೈಟ್‌ಗೆ ಎಂದು ಬರೆದು ಆ ಊರಿನ ಅಂಚೆ ಕಚೇರಿಯ ವಿಳಾಸಕ್ಕೆ ಕಾಗದ ಹಾಕಿದ. ವೈಟ್ ಆಗ ಮೆಂಫಿಸ್‌ನಲ್ಲಿ ಕಾರ್ಖಾನೆಯ ಕೂಲಿ. ಕಾಗದ ಕೈಯಿಂದ ಕೈಗೆ ದಾಟಿ ಅವನನ್ನು ಮುಟ್ಟಿತು! ಟಕೋಮಾ ವೈಟ್‌ನ ಎಲ್‌ಪಿ ಹೊರತಂದಿತು. ಕಾಲ್ಪನಿಕ ಮುದುಕನ ಹೆಸರಿನಲ್ಲಿ ಶುರುವಾದ ಕಂಪನಿಗೆ ನಿಜವಾದ ಮುದುಕನೇ ಸಿಕ್ಕಿದ್ದ. ಮರುವರ್ಷ ಬಿಲ್ ಬಾರ್ತ್, ಹೆನ್ರಿ ವೆಸ್ಟಿನ್ ಜೊತೆ ಹೋಗಿ ಮಿಸಿಸಿಪಿಯ ಟ್ಯೂನಿಕಾ ಆಸ್ಪತ್ರೆಯಲ್ಲಿ ಮಲಗಿದ್ದ ಸ್ಕಿಪ್ ಜೇಮ್ಸ್‌ನನ್ನು ಪತ್ತೆಮಾಡಿದ. 1931ರಲ್ಲಿ ಪ್ಯಾರಾಮೌಂಟ್ ಕಂಪನಿಗೆ ಹಾಡಿದ್ದ ಜೇಮ್ಸ್ ಕೆಲವೇ ವಾರಗಳಲ್ಲಿ ನ್ಯೂಪೋರ್ಟ್ ಉತ್ಸವದ ವೇದಿಕೆ ಏರಿದ. ಆದರೆ ಜೇಮ್ಸ್‌ಗೂ ಫೇಹಿಗೂ ಹೊಂದಿಕೆಯಾಗಲಿಲ್ಲ. ತಟ್ಟೆಯಲ್ಲಿ ಆರಾಧಿಸಿದ ಮನುಷ್ಯ ಎದುರಿಗೆ ಸಿಕ್ಕಾಗ ಆಗುವ ನಿರಾಸೆಯನ್ನು ಫೇಹಿ ಮುಂದೆ ಕಹಿಯಾಗಿಯೇ ಬರೆದ.

ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನಪದ ವಿಭಾಗದಲ್ಲಿ ಆತ ಎಂ.ಎ. ಪ್ರಬಂಧ ಬರೆದದ್ದು ಮಿಸಿಸಿಪಿಯ ಚಾರ್ಲಿ ಪ್ಯಾಟನ್ ಬಗ್ಗೆ. 1970ರಲ್ಲಿ ಅದು ಪುಸ್ತಕವಾಯಿತು. ಕಪ್ಪು ಗಾಯಕನೊಬ್ಬನ ಹಾಡುಗಳನ್ನು ಸ್ವರ ಸ್ವರವಾಗಿ ಬಿಡಿಸಿ ವಿಶ್ಲೇಷಿಸಿದ ಮೊದಮೊದಲ ಕೃತಿಗಳಲ್ಲಿ ಅದೊಂದು. ಅದೇ ಕೈ ತನ್ನ ಎಲ್‌ಪಿಗಳ ಹೊದಿಕೆಯ ಮೇಲೆ ಪಂಡಿತರ ಶೈಲಿಯನ್ನೇ ಗೇಲಿ ಮಾಡುತ್ತ, ಬ್ಲೈಂಡ್ ಜೋ ಡೆತ್‌ನ ಸುಳ್ಳು ಜೀವನಚರಿತ್ರೆಯನ್ನು ಅಡಿಟಿಪ್ಪಣಿ ಸಮೇತ ಬರೆಯುತ್ತಿತ್ತು.

ಇದರ ನಡುವೆ ಎಲ್‌ಪಿಗಳು ಒಂದರ ಹಿಂದೊಂದು ಬಂದವು. ಡಾನ್ಸ್ ಆಫ್ ಡೆತ್‌ನಲ್ಲಿ ಬ್ಲೂಸ್ ಇನ್ನೂ ಬಿಸಿಯಾಗಿದೆ. 1965ರ ದ ಟ್ರಾನ್ಸ್‌ಫಿಗರೇಷನ್ ಆಫ್ ಬ್ಲೈಂಡ್ ಜೋ ಡೆತ್ ಹೊತ್ತಿಗೆ ಅದು ಕರಗಿ, ಗುರುತು ಹಚ್ಚಲಾಗದ ಯಾವುದೋ ಹಳೆಯ ಕಾಲದ ಮನೆಸಂಗೀತದಂತೆ ಕೇಳುತ್ತದೆ. ಹೊಸಬರು ಇಲ್ಲಿಂದ ಶುರುಮಾಡುವುದು ಒಳ್ಳೆಯದು. 1966ರ ದ ಗ್ರೇಟ್ ಸ್ಯಾನ್ ಬರ್ನಾರ್ಡಿನೋ ಬರ್ತ್‌ಡೇ ಪಾರ್ಟಿಯಲ್ಲಿ ಆತ ಚೌಕಟ್ಟನ್ನೇ ಮುರಿದ: ಮೊದಲ ರಚನೆಯೊಂದೇ ಹತ್ತೊಂಬತ್ತು ನಿಮಿಷ. ಅದೇ ತಟ್ಟೆಯಲ್ಲಿ ಸೇಲ್ ಅವೇ ಲೇಡೀಸ್ ಎಂಬ ಹಳೆಯ ಕುಣಿತದ ಹಾಡಿದೆ. ಅದನ್ನು ಕೇಳುವಾಗ ಕನ್ನಡದ ಕಿವಿ ಥಟ್ಟನೆ ನೆಟ್ಟಗಾಗಬೇಕು. ಗಿಟಾರಿನ ಪಕ್ಕದಲ್ಲಿ ವೀಣೆ ನುಡಿಯುತ್ತಿದೆ. ನುಡಿಸಿದವನು ಆಲನ್ ವಿಲ್ಸನ್, ಪ್ಯಾಟನ್ ಪ್ರಬಂಧಕ್ಕೆ ನೆರವಾದ ಗೆಳೆಯ. ಮುಂದೆ ಕ್ಯಾನ್ಡ್ ಹೀಟ್ ತಂಡ ಕಟ್ಟಿ ಹೆಸರು ಮಾಡಿದವನು. ಗಮಕದ ಗಂಧವೂ ಇಲ್ಲದ, ಅಮೆರಿಕನ್ ಹಳ್ಳಿ ನಡೆಯ ವೀಣಾವಾದನ ಅದು. ನಮ್ಮ ಯಾವ ವೈಣಿಕರೂ ಒಪ್ಪಲಿಕ್ಕಿಲ್ಲ. ಆದರೂ ಆ ಮೂರ್ನಾಲ್ಕು ನಿಮಿಷಗಳಲ್ಲಿ ಎರಡು ವಾದ್ಯಗಳೂ ಒಂದೇ ಆಧಾರಶ್ರುತಿಯ ಸುತ್ತ ಗಿರಕಿ ಹೊಡೆಯುವುದನ್ನು ಕೇಳಿದರೆ, ಅವು ಪರಸ್ಪರ ಅಪರಿಚಿತ ಎನಿಸುವುದಿಲ್ಲ.

ಭಾರತದ ಗಾಳಿ ಆ ಹೊತ್ತಿಗೆ ಅಲ್ಲಿ ಬೀಸತೊಡಗಿ ದಶಕವಾಗಿತ್ತು. 1955ರಲ್ಲಿ ಅಲಿ ಅಕ್ಬರ್ ಖಾನ್ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ ಎಲ್‌ಪಿ ಪಿಟೀಲುವಾದಕ ಯೆಹೂದಿ ಮೆನುಹಿನ್‌ನ ಪರಿಚಯದ ಮಾತುಗಳೊಂದಿಗೆ ಬಂದು, ಒಂದು ರಾಗವನ್ನು ಇಡೀ ಬದಿಯಷ್ಟು ಹೊತ್ತು ಬೆಳೆಸಬಹುದು ಎಂಬುದನ್ನು ಅಮೆರಿಕನ್ನರಿಗೆ ತೋರಿಸಿಕೊಟ್ಟಿತ್ತು. ಟಕೋಮಾದಿಂದಲೇ 1965ರಲ್ಲಿ ಮೊದಲ ಎಲ್‌ಪಿ ತಂದ ರಾಬಿ ಬಾಶೋ ಭಾರತೀಯ ಸಂಗೀತವನ್ನು ಭಕ್ತನಂತೆ ಹಚ್ಚಿಕೊಂಡವನು. ಫೇಹಿಯದು ಭಕ್ತಿಯಲ್ಲ, ಕುತೂಹಲ. 1967ರ ಡೇಸ್ ಹ್ಯಾವ್ ಗಾನ್ ಬೈನಲ್ಲಿ ಬರುವ ಎ ರಾಗಾ ಕಾಲ್ಡ್ ಪ್ಯಾಟ್‌ನಲ್ಲಿ ಶಾಸ್ತ್ರದ ಅರ್ಥದಲ್ಲಿ ರಾಗವೇನೂ ಇಲ್ಲ. ಇರುವುದು ರೈಲಿನ ಸದ್ದು, ಹಕ್ಕಿಗಳ ಸದ್ದು, ಅವುಗಳ ನಡುವೆ ದಾರಿ ಹುಡುಕುವ ಗಿಟಾರ್. ಆತ ಭಾರತದಿಂದ ಪಡೆದದ್ದು ಆಲಾಪದ ಧೈರ್ಯ: ಎಲ್ಲಿಗೂ ಹೋಗುವ ಅವಸರವಿಲ್ಲದೆ ಒಂದೇ ಜಾಗದಲ್ಲಿ ಸುತ್ತಬಹುದು ಎಂಬ ಪರವಾನಗಿ.

ಸದ್ದುಗಳನ್ನು ಕತ್ತರಿಸಿ ಅಂಟಿಸುವ ಹುಚ್ಚು ಅಲ್ಲಿಗೆ ನಿಲ್ಲಲಿಲ್ಲ. ವ್ಯಾನ್‌ಗಾರ್ಡ್ ಎಂಬ ದೊಡ್ಡ ಕಂಪನಿ ಕರೆದಾಗ ಫೇಹಿ ಕೊಟ್ಟ ರೆಕ್ವಿಯಾ ಎಂಬ ಎಲ್‌ಪಿಯ ಒಂದು ದೊಡ್ಡ ಭಾಗ ಭಾಷಣ, ವಾದ್ಯವೃಂದ, ಗದ್ದಲಗಳ ಟೇಪು ತುಣುಕುಗಳ ಕಲಸುಮೇಲೋಗರ. ಗಿಟಾರ್ ಕೇಳಲು ಬಂದವರು ಕಂಗಾಲಾದರು. 1968ರ ದ ಯೆಲ್ಲೋ ಪ್ರಿನ್ಸೆಸ್‌ನಲ್ಲಿ ಮೆಂಫಿಸ್‌ನ ಸೇತುವೆಯೊಂದು ಗುಂಯ್‌ಗುಡುವುದನ್ನೇ ಒಂದು ರಚನೆಯಾಗಿ ಸೇರಿಸಿದ. ಅದೇ ವರ್ಷದ ದ ವಾಯ್ಸ್ ಆಫ್ ದ ಟರ್ಟಲ್‌ನಲ್ಲಿ ಯಾವುದು ಫೇಹಿ ನುಡಿಸಿದ್ದು, ಯಾವುದು ಯಾರದೋ ಹಳೆಯ ತಟ್ಟೆಯಿಂದ ಎತ್ತಿದ್ದು ಎಂಬುದನ್ನು ಬೇಕೆಂದೇ ಗೋಜಲು ಮಾಡಿದ್ದಾನೆ.

ಅದೇ 1968ರಲ್ಲಿ ಹಣ ತಂದದ್ದು ಇವು ಯಾವುವೂ ಅಲ್ಲ, ಒಂದು ಕ್ರಿಸ್‌ಮಸ್ ಎಲ್‌ಪಿ. ಅಂಗಡಿಯಲ್ಲಿ ಬಿಂಗ್ ಕ್ರಾಸ್ಬಿಯ ವೈಟ್ ಕ್ರಿಸ್‌ಮಸ್ ರಾಶಿ ಬಿದ್ದಿರುವುದನ್ನು ಕಂಡು ವಿಚಾರಿಸಿದನಂತೆ. ಪ್ರತಿ ವರ್ಷವೂ ಎಲ್ಲ ಖಾಲಿಯಾಗುತ್ತದೆ ಎಂದು ಉತ್ತರ ಬಂತು. ಸರಿ, ಸ್ತೋತ್ರಗಳನ್ನು ಗಿಟಾರಿನಲ್ಲಿ ನುಡಿಸಿ ದ ನ್ಯೂ ಪಾಸಿಬಿಲಿಟಿ ತಂದ. ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ನುಡಿಸಿದ್ದು ನೆಟ್ಟಗಿಲ್ಲ ಎಂದು ಆಮೇಲೆ ತಾನೇ ಗೊಣಗುತ್ತಿದ್ದ. ಮರುವರ್ಷ ಟಕೋಮಾ ಹೊರತಂದ ಲಿಯೋ ಕಾಟ್ಕಿಯ ಗಿಟಾರ್ ಎಲ್‌ಪಿ ಕಾಲಕ್ರಮದಲ್ಲಿ ಐದು ಲಕ್ಷ ದಾಟಿತು. ಧಣಿಯ ಸ್ವಂತ ತಟ್ಟೆಗಳು ಆ ಎತ್ತರದ ಹತ್ತಿರಕ್ಕೂ ಸುಳಿಯಲಿಲ್ಲ.

ಇಟಲಿಯ ಚಿತ್ರನಿರ್ದೇಶಕ ಆಂಟೋನಿಯೋನಿ ತನ್ನ ಜಬ್ರಿಸ್ಕಿ ಪಾಯಿಂಟ್ ಚಿತ್ರಕ್ಕಾಗಿ ಫೇಹಿಯನ್ನು ರೋಮ್‌ಗೆ ಕರೆಸಿಕೊಂಡ. ಊಟದ ಮೇಜಿನಲ್ಲಿ ನಿರ್ದೇಶಕ ಅಮೆರಿಕವನ್ನು ಹಳಿದಾಗ ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸಿದೆವು ಎಂದು ಫೇಹಿ ಬರೆದುಕೊಂಡಿದ್ದಾನೆ. ಹೊಡೆದಾಟದ ಭಾಗವನ್ನು ನಂಬದವರೇ ಹೆಚ್ಚು. 1970ರಲ್ಲಿ ಚಿತ್ರ ತೆರೆಕಂಡಾಗ ಅದರಲ್ಲಿ ಉಳಿದದ್ದು ಅವನ ಹಳೆಯ ಡಾನ್ಸ್ ಆಫ್ ಡೆತ್‌ನ ತುಣುಕು ಮಾತ್ರ.

1971ರ ಅಮೆರಿಕಾ ಎಂಬ ಎಲ್‌ಪಿಯಲ್ಲಿ ಗದ್ದಲಗಳೆಲ್ಲ ಹಿಂದೆ ಸರಿದು ಮತ್ತೆ ಗಿಟಾರ್ ಒಂಟಿಯಾಗಿ ನಿಂತಿತು. ಎರಡು ತಟ್ಟೆಗಳಿಗಾಗುವಷ್ಟು ನುಡಿಸಿದ್ದರೂ ಹೊರಬಂದದ್ದು ಒಂದೇ. ಉಳಿದರ್ಧ ಬೆಳಕು ಕಂಡದ್ದು 1998ರಲ್ಲಿ. 1973ರ ಫೇರ್ ಫಾರ್ವರ್ಡ್ ವಾಯೇಜರ್ಸ್ ಅವನ ಗಿಟಾರಿನ ಶಿಖರ ಎಂಬುದು ನನ್ನ ಅಭಿಪ್ರಾಯ. ಆ ದಿನಗಳಲ್ಲಿ ಫೇಹಿ ಸ್ವಾಮಿ ಸಚ್ಚಿದಾನಂದರ ಯೋಗಾಶ್ರಮಕ್ಕೆ ಹೋಗಿಬರುತ್ತಿದ್ದ. ಕೊಯಮತ್ತೂರಿನ ಕಡೆಯವರಾದ ಸಚ್ಚಿದಾನಂದರು 1969ರ ವುಡ್‌ಸ್ಟಾಕ್ ಉತ್ಸವವನ್ನು ತಮ್ಮ ಮಾತುಗಳಿಂದ ಆರಂಭಿಸಿದವರು. ಎಲ್‌ಪಿ ಅವರಿಗೇ ಅರ್ಪಣೆಯಾಗಿದೆ. ರಚನೆಗಳ ಹೆಸರುಗಳೋ ಟಿ. ಎಸ್. ಎಲಿಯಟ್‌ನ ಫೋರ್ ಕ್ವಾರ್ಟೆಟ್ಸ್‌ನಿಂದ ಬಂದವು. ಅವುಗಳಲ್ಲೊಂದು ರಣರಂಗದಲ್ಲಿ ನಿಂತ ಕೃಷ್ಣನನ್ನು ಕುರಿತದ್ದು. ಕುರುಕ್ಷೇತ್ರದಿಂದ ಲಂಡನ್ನಿನ ಕವಿಗೆ, ಅಲ್ಲಿಂದ ಮೇರಿಲ್ಯಾಂಡಿನ ಗಿಟಾರಿಗೆ ಗೀತೆಯ ಪ್ರಯಾಣ! ಇಪ್ಪತ್ತಮೂರು ನಿಮಿಷದ ಕೊನೆಯ ರಚನೆಯಲ್ಲಿ ಬ್ಲೂಸ್, ಸ್ತೋತ್ರ, ಆಲಾಪ ಎಲ್ಲವೂ ಹೊಲಿಗೆ ಕಾಣದಂತೆ ಸೇರಿಕೊಂಡಿವೆ. ಅದೇ ಸಮಯಕ್ಕೆ ರಿಪ್ರೈಸ್ ಕಂಪನಿಗಾಗಿ ಹಳೆಯ ಜಾಜ್ ವಾದ್ಯವೃಂದವನ್ನು ಕೂಡಿಸಿಕೊಂಡು ಮಾಡಿದ ಎರಡು ಎಲ್‌ಪಿಗಳು ಮಕಾಡೆ ಮಲಗಿದವು. ದೊಡ್ಡ ಕಂಪನಿಗಳ ಸಹವಾಸ ಅಲ್ಲಿಗೆ ಮುಗಿಯಿತು.

ತನ್ನ ಶೈಲಿಯನ್ನು ಫೇಹಿ ಅಮೆರಿಕನ್ ಪ್ರಿಮಿಟಿವ್ ಎಂದು ಕರೆದ. ಗುರುವಿಲ್ಲದೆ ಕಲಿತ ಚಿತ್ರಕಾರರನ್ನು ಕಲಾಲೋಕ ಹಾಗೆ ಕರೆಯುತ್ತಿತ್ತು, ಆ ಅರ್ಥದಲ್ಲಿ ತಾನೂ ಎಂಬುದು ಅವನ ವಿವರಣೆ. ವಿದ್ವಾಂಸರ ತಕರಾರು ಬೇರೆ. ಬಿಳಿಯರ ಬಡಾವಣೆಯ, ಕಾಲೇಜು ಕಲಿತ ಹುಡುಗ ಕುರುಡ ಕರಿಯ ಗಾಯಕನ ವೇಷ ಹಾಕಿದ್ದನ್ನು ಏನೆನ್ನಬೇಕು? ಮುಖಕ್ಕೆ ಮಸಿ ಬಳಿದುಕೊಂಡು ಕುಣಿಯುತ್ತಿದ್ದ ಹಳೆಯ ಅಮೆರಿಕನ್ ರಂಗಭೂಮಿಯ ಮುಂದುವರಿಕೆ ಎಂದು ಕೆಲವರು. ಕಪ್ಪು ಸಂಗೀತದಲ್ಲಿ ಶುದ್ಧತೆ ಹುಡುಕುವ ಬಿಳಿಯ ಸಂಗ್ರಾಹಕರನ್ನು, ತನ್ನನ್ನೂ ಸೇರಿಸಿಕೊಂಡು, ಆತ ಅಣಕಿಸುತ್ತಿದ್ದ ಎಂದು ಇನ್ನು ಕೆಲವರು. 2021ರಲ್ಲಿ ಜಾರ್ಜ್ ಹೆಂಡರ್ಸನ್ ಬರೆದ ಪುಸ್ತಕ ಎರಡನೆಯ ದಾರಿಯದು. ಹೊದಿಕೆಯ ಬರಹಗಳನ್ನು ಓದಿದರೆ ಅಣಕವೆಂಬ ವಾದವೇ ಗಟ್ಟಿ. ಆದರೆ ಅಣಕ ಮಾಡಿದ್ದರಿಂದ ಸಾಲ ತೀರುವುದಿಲ್ಲ. ಆ ಬೆರಳುಗಳಲ್ಲಿ ಇದ್ದದ್ದು ಪ್ಯಾಟನ್, ಮಿಸಿಸಿಪಿಯ ಜಾನ್ ಹರ್ಟ್, ಜಾನ್ಸನ್ ದುಡಿದು ಗಳಿಸಿದ್ದು.

ಪತನ ನಿಧಾನವಾಗಿ ಬಂತು. 1979ರಲ್ಲಿ ಟಕೋಮಾ ಕ್ರಿಸಾಲಿಸ್ ಕಂಪನಿಯ ಪಾಲಾಯಿತು. ಇಪ್ಪತ್ತು ವರ್ಷಗಳ ಒಡೆತನ ಕಳೆದುಹೋಯಿತು. ಕ್ರೂರ ತಮಾಷೆಯೆಂದರೆ, ಅವನ ಶೈಲಿಗೆ ಮಾರುಕಟ್ಟೆ ಹುಟ್ಟಿದ್ದು ಆಗಲೇ. ವಿಲಿಯಂ ಆಕರ್‌ಮನ್ 1976ರಲ್ಲಿ ಆರಂಭಿಸಿದ್ದ ವಿಂಡಮ್ ಹಿಲ್ ಕಂಪನಿ ಅದೇ ಒಂಟಿ ಗಿಟಾರಿನಿಂದ ಅಪಸ್ವರ, ಸಾವು, ಕುಚೋದ್ಯಗಳನ್ನೆಲ್ಲ ಸೋಸಿ ತೆಗೆದು, ಹಿತವಾದ ನ್ಯೂ ಏಜ್ ಸಂಗೀತವಾಗಿ ಮಾರಿ ಗೆದ್ದಿತು. ಅವರ ತಾರೆ, ಪಿಯಾನೋವಾದಕ ಜಾರ್ಜ್ ವಿನ್‌ಸ್ಟನ್‌ನ ಮೊದಲ ಎಲ್‌ಪಿ 1972ರಲ್ಲಿ ಬಂದದ್ದು ಟಕೋಮಾದಿಂದಲೇ. ನ್ಯೂ ಏಜ್‌ನ ಅಜ್ಜ ಎಂದು ಯಾರಾದರೂ ಕರೆದರೆ ಫೇಹಿ ಉರಿದುಬೀಳುತ್ತಿದ್ದ.

1981ರಲ್ಲಿ ಆರಿಗನ್ ರಾಜ್ಯದ ಸೇಲಂ ಊರಿಗೆ ಹೋದವನಿಗೆ ಆಮೇಲಿನ ವರ್ಷಗಳು ಒಳಿತು ಮಾಡಲಿಲ್ಲ. ಕುಡಿತ, ಮಧುಮೇಹ, ವರ್ಷಗಟ್ಟಲೆ ಹಿಂಡಿದ ವೈರಾಣು ಜ್ವರದ ನಿತ್ರಾಣ. ಮೂರನೆಯ ಮದುವೆಯೂ ಮುರಿಯಿತು. ಅಗ್ಗದ ಮೋಟೆಲ್‌ಗಳು, ನಿರ್ಗತಿಕರಿಗೆಂದು ಚರ್ಚಿನವರು ನಡೆಸುವ ಆಶ್ರಯತಾಣ. ಗಿಟಾರುಗಳು ಗಿರವಿ ಅಂಗಡಿಗೆ. ಹೊಟ್ಟೆಪಾಡಿಗೆ ಆತ ಹಿಡಿದ ಕಸುಬು ಮಾತ್ರ ಹಳೆಯದೇ: ಹಳೆ ಸಾಮಾನಿನ ಅಂಗಡಿಗಳಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅಪರೂಪದ ಎಲ್‌ಪಿಗಳನ್ನು ಹೆಕ್ಕಿ ಸಂಗ್ರಾಹಕರಿಗೆ ಮಾರುವುದು.

1994ರಲ್ಲಿ ಬೈರನ್ ಕೋಲಿ ಎಂಬ ವಿಮರ್ಶಕ ಅವನನ್ನು ಹುಡುಕಿಕೊಂಡು ಹೋಗಿ ಸ್ಪಿನ್ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದ. ಮೂವತ್ತು ವರ್ಷ ಹಿಂದೆ ಫೇಹಿ ಬುಕಾ ವೈಟ್‌ಗೆ ಮಾಡಿದ್ದನ್ನೇ ಈಗ ಫೇಹಿಗೆ ಬೇರೆಯವರು ಮಾಡಿದ್ದರು. ಅದೇ ವರ್ಷ ರೈನೋ ಕಂಪನಿ ಎರಡು ಸಿಡಿಗಳ ಸಂಕಲನ ಹೊರತಂದಿತು. ಪಂಕ್ ಮತ್ತು ಗದ್ದಲ ಸಂಗೀತದ ಹುಡುಗರು ಇದ್ದಕ್ಕಿದ್ದಂತೆ ಅವನನ್ನು ಗುರುವೆಂದರು. ಮುದುಕ ಇನ್ನೊಂದು ಸುತ್ತು ತನ್ನ ಹಳೆಯ ಜನಪ್ರಿಯ ರಚನೆಗಳನ್ನು ನುಡಿಸಿದ್ದರೆ ಸುಖವಾಗಿರುತ್ತಿದ್ದ. ನುಡಿಸಲಿಲ್ಲ. ಆ ಹಳೆಯದೆಲ್ಲ ಬರೀ ಭಾವುಕತೆ ಎಂದು ತಳ್ಳಿಹಾಕಿ ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡ. 1997ರ ಸಿಟಿ ಆಫ್ ರೆಫ್ಯೂಜ್‌ನಲ್ಲಿ ಯಂತ್ರಗಳ ಮೊರೆತ, ಟೇಪಿನ ಚೂರುಗಳು, ನ್ಯೂ ಏಜ್‌ನ ಕರುಳು ಬಗೆಯುವ ಹೆಸರಿಟ್ಟ ಒಂದು ಸುದೀರ್ಘ ರಚನೆ. ಅದೇ ವರ್ಷ ಸಂಗೀತಗಾರ ಜಿಮ್ ಒರೂರ್ಕ್ ಜೊತೆ ಮಾಡಿದ ವೂಂಬ್‌ಲೈಫ್ ಇನ್ನೂ ಗಾಢ. ಹಳೆಯ ಅಭಿಮಾನಿಗಳು ಕಛೇರಿಯ ನಡುವೆಯೇ ಎದ್ದು ಹೋದರು. ಕೈ ಬಿದ್ದುಹೋಗಿದೆ, ಅದನ್ನು ಮುಚ್ಚಲು ಈ ಗದ್ದಲ ಎಂದು ಆಡಿಕೊಂಡರು. ಆ ಮಾತಿನಲ್ಲಿ ಸ್ವಲ್ಪ ನಿಜವಿರಬಹುದು. ಆದರೆ 1967ರ ರೆಕ್ವಿಯಾ ಕೇಳಿದವರಿಗೆ ಈ ದಾರಿ ಹೊಸದೇನಲ್ಲ. ಮೂವತ್ತು ವರ್ಷ ಹಿಂದೆ ಅರ್ಧಕ್ಕೆ ಬಿಟ್ಟದ್ದನ್ನು ಆತ ಮತ್ತೆ ಎತ್ತಿಕೊಂಡಿದ್ದ.

ತಂದೆ ತೀರಿಕೊಂಡ ಮೇಲೆ ಕೈಗೆ ಬಂದ ಆಸ್ತಿಯಿಂದ ಫೇಹಿ ಏನು ಮಾಡಿದ ಎಂದು ಊಹಿಸುವುದು ಕಷ್ಟವಲ್ಲ. ಡೀನ್ ಬ್ಲ್ಯಾಕ್‌ವುಡ್ ಎಂಬ ವಕೀಲನ ಜೊತೆ ಸೇರಿ 1996ರಲ್ಲಿ ರೆವೆನೆಂಟ್ ಎಂಬ ಹೊಸ ರೆಕಾರ್ಡ್ ಕಂಪನಿ ತೆರೆದ. ಡಾಕ್ ಬಾಗ್ಸ್‌ನ ಬ್ಯಾಂಜೋ ಹಾಡುಗಳು, ಯುದ್ಧಪೂರ್ವ ಕಾಲದ ಒರಟು ಚರ್ಚ್ ಹಾಡುಗಳು, ರಾಕ್ ಗಾಯಕ ಕ್ಯಾಪ್ಟನ್ ಬೀಫ್‌ಹಾರ್ಟ್‌ನ ಹುಚ್ಚಾಟಗಳು ಒಂದೇ ಸೂರಿನಡಿ ಬಂದವು. ಹ್ಯಾರಿ ಸ್ಮಿತ್‌ನ ಜಾನಪದ ಸಂಕಲನದ ಮರುಮುದ್ರಣಕ್ಕೆ ಬರೆದ ಟಿಪ್ಪಣಿಗಾಗಿ ಇತರರೊಡನೆ ಗ್ರ್ಯಾಮಿಯೂ ಸಿಕ್ಕಿತು, ನುಡಿಸಿದ್ದಕ್ಕಲ್ಲ, ಬರೆದದ್ದಕ್ಕೆ. 2000ದಲ್ಲಿ ಅರೆ ಆತ್ಮಕಥೆ, ಅರೆ ಕಟ್ಟುಕಥೆಯ ಪುಸ್ತಕವೊಂದು ಪ್ರಕಟವಾಯಿತು.

2001ರ ಫೆಬ್ರುವರಿ 22ರಂದು, ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ಫೇಹಿ ಸೇಲಂನಲ್ಲಿ ತೀರಿಕೊಂಡ. ಅರವತ್ತೆರಡು ತುಂಬಲು ಆರು ದಿನ ಬಾಕಿ ಇತ್ತು. ಆ ವರ್ಷವೇ ರೆವೆನೆಂಟ್ ಚಾರ್ಲಿ ಪ್ಯಾಟನ್‌ನ ಸಮಗ್ರ ಧ್ವನಿಮುದ್ರಣಗಳನ್ನು ಏಳು ಸಿಡಿಗಳಲ್ಲಿ, 78 ಆರ್‌ಪಿಎಂ ಕಾಲದ ಆಲ್ಬಮ್ಮಿನಂಥ ಭಾರೀ ಪೆಟ್ಟಿಗೆಯಲ್ಲಿ ಹೊರತಂದಿತು. ಫೇಹಿ 1970ರಲ್ಲಿ ಬರೆದ ಪುಸ್ತಕದ ಮರುಮುದ್ರಣವೂ ಅದರೊಳಗಿತ್ತು. 2003ರಲ್ಲಿ ಆ ಪೆಟ್ಟಿಗೆಗೆ ಮೂರು ಗ್ರ್ಯಾಮಿಗಳು ಬಂದವು.

ಜಾಕ್ ರೋಸ್, ಗ್ಲೆನ್ ಜೋನ್ಸ್, ಜೇಮ್ಸ್ ಬ್ಲ್ಯಾಕ್‌ಶಾ, ವಿಲಿಯಂ ಟೈಲರ್ ಮುಂತಾದವರು ಆ ಗಿಟಾರನ್ನು ಮುಂದಕ್ಕೆ ಒಯ್ದರು. ಬಹುತೇಕರು ಹಿಡಿದದ್ದು 1960ರ ದಶಕದ ಫೇಹಿಯನ್ನು. 2003ರಲ್ಲೇ ರೆವೆನೆಂಟ್ ಹೊರತಂದ ಅವನ ಕೊನೆಯ ಧ್ವನಿಮುದ್ರಣ ರೆಡ್ ಕ್ರಾಸ್‌ಗೆ ಅಷ್ಟು ಶಿಷ್ಯರು ಸಿಕ್ಕಿಲ್ಲ. ಅದರಲ್ಲಿ ಇರ್ವಿಂಗ್ ಬರ್ಲಿನ್‌ನ ಹಳೆಯ ಪ್ರೇಮಗೀತೆಯೊಂದಿದೆ, ಗರ್ಶ್ವಿನ್‌ನ ಸಮರ್‌ಟೈಮ್ ಇದೆ. ಎಷ್ಟು ನಿಧಾನವೆಂದರೆ ಗುರುತು ಸಿಗಲು ಒಂದೆರಡು ನಿಮಿಷ ಬೇಕು. ಹೆಬ್ಬೆರಳಿನ ಆ ಓಡುನಡೆ ಎಲ್ಲಿಯೂ ಇಲ್ಲ. ಒಂದು ಸ್ವರ ಹಾಕಿ, ಅದು ಆರುವವರೆಗೆ ಕಾದು, ಇನ್ನೊಂದು ಹಾಕುತ್ತಾನೆ. ಇದು ಮುಪ್ಪಿನ ಅಶಕ್ತಿಯೋ ಹೊಸ ಹುಡುಕಾಟವೋ ಎಂದು ಅವನ ಕೇಳುಗರು ಈಗಲೂ ಜಗಳವಾಡುತ್ತಾರೆ. ನಾನು ಹುಡುಕಾಟದ ಪಕ್ಷ.